ಮೂರನೇ ಟ್ರ್ಯಾಕಿನ ಹಾಲಮ್ಮ

ಬೆಳಕು ಹರಿಯುವುದರೊಳಗೆ ಹಾಲಮ್ಮ ಮುಗಿಸಬೇಕಾದ ಕೆಲಸಗಳು ಇವು. ನಾಲ್ಕೂವರೆಗೆ ಬೀದಿ ನಲ್ಲಿಯಲ್ಲಿ ನೀರು ಬರುವ ಮೊದಲು ಕೊಡಗಳನ್ನು ಸಾಲಿಗಿಡುವುದು, ಬಂದ ಮೇಲೆ ಏಳು ಕೊಡ ಹೊರುವುದು. ಬಚ್ಚಲೊಲೆಗೆ ಬೆಂಕಿ ಮಾಡುವುದು. ರಾತ್ರಿ ಪ್ರಾಕ್ಟೀಸಿಗೆ ಬಂದವರು ಚಾ ಕುಡಿದು ಬಿಟ್ಟುಹೋದ ಲೋಟಗಳನ್ನು ಕಿಟಕಿಯ ಮೇಲಿಂದ, ಮೆಟ್ಟಿಲ ಮೇಲಿಂದ, ಡ್ರಮ್ಮಿನ ಅಡಿಯಿಂದ ಹುಡುಕಿ ತಂದು ತಿಕ್ಕುವುದು. ಅತ್ತೆ ವೆಂಕಮ್ಮನ ಮಂಡಿಗೆ ಎಣ್ಣೆ ಬಿಸಿ ಮಾಡಿ ಹಚ್ಚುವುದು. ಮಗಳ ಒದ್ದೆ ಯೂನಿಫಾರ್ಮನ್ನು ಒಲೆಯ ಕಾವಿಗೆ ಹಿಡಿಯುವುದು. ಅಕ್ಕಿಹಿಟ್ಟು ಬೇಯಿಸಿ, ನಾದಿ, ಹನ್ನೆರಡು ರೊಟ್ಟಿ ತಟ್ಟುವುದು. ತಿಂಗಳಿಗೊಂದು ಸಲ ಇವುಗಳ ಜೊತೆಗೆ ಇನ್ನೂ ಒಂದು: ಬೇಸ್ ಗಿಟಾರಿನ ನಾಲ್ಕು ತಂತಿಗಳನ್ನು ಬಿಚ್ಚಿ, ಹಳೆಯ ಪಾತ್ರೆಯಲ್ಲಿ ಸೋಡಾಪುಡಿ ಹಾಕಿ ಕುದಿಸುವುದು.

ಬೇಸಿನ ತಂತಿ ಸಾಗರದಲ್ಲಿ ಸಿಗುತ್ತಿರಲಿಲ್ಲ. ಬೆರಳಿನ ಜಿಡ್ಡು ಕೂತು ಕೂತು ತಂತಿಯ ದನಿ ಮಂಕಾದಾಗ ಕುದಿಸಿ ಒರೆಸಿದರೆ ಮತ್ತೆ ಮೂರು ನಾಲ್ಕು ವಾರ ಹೊಸದರ ಹಾಗೆ ಮೊಳಗುತ್ತಿತ್ತು. ಪಕ್ಕದ ಮನೆಯ ಪುಷ್ಪಮ್ಮ ಒಂದು ಬೆಳಿಗ್ಗೆ ಬೆಂಕಿ ಕೇಳಲು ಬಂದವಳು ಪಾತ್ರೆಯೊಳಗೆ ಇಣುಕಿದ್ದಳು.

"ಎಂತ ಸಾರು ಮಾರಾಯ್ತಿ ಇದು?"

"ತಂತಿ ಸಾರು. ತಡಿ, ಒಗ್ಗರಣೆ ಹಾಕ್ಕೊಡ್ತೀನಿ."

"ನಿನ್ ಗಂಡಂಗೆ ಹಾಕು. ನಮ್ಮನೇಲಿ ಹಲ್ಲಿಲ್ಲದೋರೇ ಜಾಸ್ತಿ."

ಹಾಲಮ್ಮನ ಗಂಡ ಜಯಪ್ಪ ಪೇಟೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಮೆಕ್ಯಾನಿಕ್. ಸಂಜೆಯ ಮೇಲೆ ಆರ್ಕೆಸ್ಟ್ರಾದ ಗಿಟಾರಿಸ್ಟ್. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಗಣಪತಿ ಹಬ್ಬಗಳಲ್ಲಿ ಸಿನಿಮಾ ಹಾಡು ನುಡಿಸುವ ಐದಾರು ಜನರ ತಂಡ ಅವನದು. ತನ್ನ ಆಂಪ್ಲಿಫಯರನ್ನು ತಾನೇ ಕಟ್ಟಿಕೊಂಡಿದ್ದ. ಅದರ ಒಂದು ಗುಂಡಿ ತಿರುಗಿಸಿದರೆ ಗಿಟಾರಿನ ದನಿ ಒಡೆದು ಗೊರಗೊರ ಎನ್ನುತ್ತಿತ್ತು. ಬೇಸ್ ಗಿಟಾರು ಅವನ ಗೆಳೆಯ ಧರ್ಮಪ್ಪನದು. ಧರ್ಮಪ್ಪನಿಗೆ ಭದ್ರಾವತಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಅವನು ಪ್ರೋಗ್ರಾಮಿನ ದಿನ ಮಾತ್ರ ಬಸ್ಸು ಹತ್ತಿ ಬರುತ್ತಿದ್ದ. ಬೇಸ್ ಮಾತ್ರ ಇವರ ಮನೆಯ ಮೂಲೆಯಲ್ಲೇ ಉಳಿಯಿತು. ಕೆಳಗಿನ ಸ್ವರವನ್ನು ಅದು ಹಿಡಿದುಕೊಡದೆ ಜಯಪ್ಪನಿಗೆ ಪ್ರಾಕ್ಟೀಸು ಸಾಗುತ್ತಿರಲಿಲ್ಲ.

"ಏ ಇವಳೇ, ಇಲ್ ಬಾ. ಈ ದಪ್ಪ ತಂತಿ ಒಂದನ್ನ ಡುಂ ಡುಂ ಅಂತ ಎಳೀತಾ ಕೂತ್ಕ. ನಾನು ತಲೆ ಆಡ್ಸಿದಾಗ ಇದನ್ನ ಎಳಿ. ಅಷ್ಟೇ."

ಜಯಪ್ಪ ಹೆಂಡತಿಗೆ ಅಷ್ಟೇ ಎಂದದ್ದು ನಾಲ್ಕು ವರ್ಷ ನಡೆಯಿತು. ಅನ್ನಕ್ಕೆ ಎಸರಿಟ್ಟು ಬಂದು ಕೂರುತ್ತಿದ್ದಳು. ಎಸರು ಕುದಿಯುವ ಸದ್ದು ಕೇಳಿದರೆ ಹಾಡಿನ ನಡುವೆಯೇ ಎದ್ದು ಅಕ್ಕಿ ಹಾಕಿ ಬಂದು ಬಿಟ್ಟಲ್ಲಿಂದ ಹಿಡಿಯುತ್ತಿದ್ದಳು. ಅವಳು ಎದ್ದ ಕೂಡಲೇ ಹಾಡು ತೊಡರುತ್ತಿತ್ತು. ಡ್ರಮ್ ಬಾರಿಸುವ ಭೂತಪ್ಪ ಕೋಲು ಕೆಳಗಿಟ್ಟು ಬೀಡಿ ಹಚ್ಚುತ್ತಿದ್ದ. ಯಾಕೆ ತೊಡರಿತು ಎಂದು ಯಾರೂ ಕೇಳುತ್ತಿರಲಿಲ್ಲ. "ಅಕ್ಕಿ ಹಾಕಿ ಬರ್ಲಿ ಅತ್ತಿಗೆ, ಹಸಿವಾಗ್ತೈತೆ" ಎನ್ನುತ್ತಿದ್ದರು.

ವೆಂಕಮ್ಮ ಗೋಡೆಗೊರಗಿ ಕೂತು ನೋಡುವಳು. "ಗಂಡಸ್ರು ಬಾರ್ಸಿದ್ರೆ ಪದ, ನಾವು ಬಾರ್ಸಿದ್ರೆ ಗಲಾಟೆ. ನೋಡ್ಕ, ನಾಳೆ ಬೀದೀಲಿ ಎಂತ ಅಂತಾರೆ" ಎನ್ನುವಳು. ಆದರೂ ಹಾಲಮ್ಮ ಬಾರಿಸುವಾಗ ಮುದುಕಿಯ ಹೆಬ್ಬೆರಳು ನೆಲದ ಮೇಲೆ ತಾಳ ಹಾಕುತ್ತಿತ್ತು.

ಗಿಟಾರು ಪಾತಾಳಕ್ಕಿಳಿದದ್ದು ಎಂಬತ್ತಾರನೇ ಇಸವಿಯ ಮಳೆಗಾಲದಲ್ಲಿ. ಮಂಗಳೂರಿನಿಂದ ಹುಲಿಕಲ್ ಘಾಟಿ ಹತ್ತಿ ಬರುತ್ತಿದ್ದ ಲಾರಿಯ ಡ್ರೈವರ್ ಒಬ್ಬ ರೇಡಿಯೋ ರಿಪೇರಿಗೆ ಕೊಟ್ಟಾಗ, ಅದರ ಜೊತೆಗೆ ಹೆಸರು ಅಳಿಸಿಹೋದ ಪರದೇಶದ ಕ್ಯಾಸೆಟ್ಟೊಂದನ್ನೂ ಅಂಗಡಿಯಲ್ಲೇ ಬಿಟ್ಟು ಹೋದ. ಜಯಪ್ಪ ಅದನ್ನು ಮನೆಗೆ ತಂದ. ಗಾಳಿಗೆ ಕಂಬ ಬಿದ್ದು ಹದಿನೈದು ದಿನ ಕರೆಂಟಿರಲಿಲ್ಲ. ಟೇಪ್‌ರೆಕಾರ್ಡರಿಗೆ ಶೆಲ್ ಹಾಕಿ ಕೇಳಿದರು. ಎದೆಯ ಮೇಲೆ ರುಬ್ಬುಗುಂಡು ಉರುಳಿಸಿದಂಥ ಗಿಟಾರು. ಜಯಪ್ಪ ಊಟ ಬಿಟ್ಟು ಕೂತ. ತನ್ನ ಗಿಟಾರಿನಲ್ಲಿ ಆ ಸ್ವರ ಇಲ್ಲವೆಂದು ಗೊತ್ತಾಗಿ, ತಂತಿ ಬಿಗಿಯುವ ಕಿವಿಗಳನ್ನು ತಿರುಗಿಸಿ ಸಡಿಲ ಮಾಡಿ ಅಲ್ಲಿಗೆ ಇಳಿಸಿಕೊಂಡ.

ಮಾರನೇ ದಿನ ಕ್ಯಾಸೆಟ್ ಹಾಕಿದರೆ ಗಿಟಾರು ಹೊಂದಲಿಲ್ಲ. ಗಿಟಾರಿನ ಕಿವಿ ಜಾರುತ್ತಿದೆಯೆಂದು ಬೈದು ಇನ್ನಷ್ಟು ಇಳಿಸಿದ. ಮೂರನೇ ದಿನ ಮತ್ತಷ್ಟು. ಹಾಲಮ್ಮ ಶೆಲ್ಲುಗಳನ್ನು ದಿನಾ ಒಲೆಕಟ್ಟೆಯ ಮೇಲೆ ಕಾಯಿಸಿ, ಸ್ವಲ್ಪ ಜೀವ ಬರಿಸಿ ಕೊಡುತ್ತಿದ್ದಳು. ಹಾಗಾಗಿ ಅವು ಪೂರ್ತಿ ಸಾಯಲೂ ಇಲ್ಲ, ಬದುಕಲೂ ಇಲ್ಲ; ಕ್ಯಾಸೆಟ್ ದಿನದಿಂದ ದಿನಕ್ಕೆ ನಿಧಾನವಾಗಿ ತಿರುಗುತ್ತ ಹೋಯಿತು, ಹಾಡು ಕೆಳಕ್ಕೆ ಕೆಳಕ್ಕೆ ಇಳಿಯಿತು, ಜಯಪ್ಪನ ಗಿಟಾರು ಅದರ ಬೆನ್ನು ಹಿಡಿದು ಇಳಿಯಿತು. ರೇಡಿಯೋ ರಿಪೇರಿ ಮಾಡುವವನಿಗೇ ಅದು ಹೊಳೆಯಲಿಲ್ಲ. ಕರೆಂಟು ಬಂದ ದಿನ ಅದೇ ಕ್ಯಾಸೆಟ್ಟು ಚುರುಕಾಗಿ, ನಾಲ್ಕು ಸ್ವರ ಮೇಲಿನಿಂದ ಹಾಡಿತು.

"ಶೆಲ್ ವೀಕಾಗಿದ್ದಕ್ಕೆ ಹಂಗ್ ಕೇಳ್ತಿತ್ತು ಅಂತ ಕಾಣ್ತದೆ, ಹೌದನಾ?" ಎಂದಳು ಹಾಲಮ್ಮ.

ಭೂತಪ್ಪ ಹೊಟ್ಟೆ ಹಿಡಿದು ನಕ್ಕ. "ಜಯಪ್ಪಣ್ಣ, ಇಷ್ಟು ದಿನ ನೀ ಗಿಟಾರ್ ಟ್ಯೂನ್ ಮಾಡಿದ್ದು ಹಾಡಿಗಲ್ಲ ಮಾರಾಯಾ, ಶೆಲ್ಲಿಗೆ!"

ಜಯಪ್ಪನ ಮುಖ ಕೆಂಪಾಯಿತು. "ಇವಳೇ ಕಾಯ್ಸಿ ಕಾಯ್ಸಿ ಕೊಟ್ಟಿದ್ದಲ್ಲನಾ" ಎಂದ. ಸ್ವಲ್ಪ ಹೊತ್ತಿನ ಮೇಲೆ ಆ ಸಡಿಲ ತಂತಿಗಳ ಮೇಲೆ ಒಮ್ಮೆ ಬಾರಿಸಿದ. ಕಿಟಕಿಯ ಗಾಜು ನಡುಗಿತು. ತಪ್ಪಿನಿಂದ ಬಂದದ್ದಾದರೂ ಅಂಥ ದನಿಯನ್ನು ಸಾಗರದಲ್ಲಿ ಯಾರೂ ಕೇಳಿರಲಿಲ್ಲ. ಅಲ್ಲೇ ಒಂದು ಟ್ಯೂನು ಹುಟ್ಟಿತು, ಹಾಡುವವರಿಲ್ಲದ, ನಾಲ್ಕು ನಿಮಿಷದ ಭಾರದ ಟ್ಯೂನು. ಅದನ್ನು ರೆಕಾರ್ಡ್ ಮಾಡಿ ಕೋಣಂದೂರು, ತೀರ್ಥಹಳ್ಳಿಯ ಹಬ್ಬದ ಕಮಿಟಿಗಳಿಗೆ ಒಂದೊಂದು ಕ್ಯಾಸೆಟ್ ಕೊಡುವುದೆಂದು ತೀರ್ಮಾನವಾಯಿತು. ಧರ್ಮಪ್ಪನಿಗೆ ಕಾಗದ ಬರೆದರು. ರಜೆ ಸಿಗುವುದಿಲ್ಲವೆಂದು ಅವನ ಉತ್ತರ ಬಂತು.

"ಇವಳೇ ಬಾರ್ಸ್ಲಿ ಬಿಡು. ಕ್ಯಾಸೆಟ್ಟಲ್ಲಿ ಮುಖ ಕಾಣಲ್ಲವಲ್ಲ" ಎಂದ ಜಯಪ್ಪ.

ಹಾಲಮ್ಮ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಂತಿತು. ನಾಲ್ಕು ವರ್ಷ ಅವಳು ಬಾರಿಸಿದ್ದೆಲ್ಲ ಆ ಗೋಡೆಗಳ ನಡುವೆ ಹುಟ್ಟಿ ಅಲ್ಲೇ ಆರಿಹೋಗಿತ್ತು, ಬೆಳಗಿನ ರೊಟ್ಟಿ ಮಧ್ಯಾಹ್ನಕ್ಕೆ ಇಲ್ಲವಾಗುವ ಹಾಗೆ. ಈಗ ಒಂದು ಸಲವಾದರೂ ಅವಳು ಮಾಡಿದ್ದು ಮಾಡಿದಲ್ಲೇ ಮುಗಿಯದೆ ಉಳಿಯುವುದಿತ್ತು. ಹೊಸನಗರದ ಆಚೆ ಇರುವ ತವರಿನಲ್ಲಿ ಅಣ್ಣನ ಹತ್ತಿರ ಟೇಪ್‌ರೆಕಾರ್ಡರಿದೆ. ಅವ್ವ ದುಗ್ಗಮ್ಮ ಕೇಳಬಹುದು, ಇದು ನಮ್ಮ ಹಾಲಿ ಬಾರಿಸಿದ್ದು ಎಂದು ನಾಲ್ಕು ಮನೆಗೆ ಹೇಳಬಹುದು. ಈ ಆಸೆಯನ್ನು ಅವಳು ಯಾರಿಗೂ ಹೇಳಲಿಲ್ಲ. ಆ ವಾರ ಕೊಡ ಹೊರುವಾಗ ಕೂಡ ಬೆರಳುಗಳು ಕೊಡದ ಕಂಠದ ಮೇಲೆ ಟ್ಯೂನು ಹುಡುಕುತ್ತಿದ್ದವು.

ರೆಕಾರ್ಡಿಂಗು ಶ್ಯಾಮನ ಕ್ಯಾಸೆಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಗೋಡೆಗೆಲ್ಲ ಹಳೆಯ ಕೌದಿ ಬಡಿದು, ಕಿಟಕಿಗೆ ಗೋಣಿತಾಟು ಕಟ್ಟಿದ್ದ. ಅವನ ಅಣ್ಣ ಮಸ್ಕತ್ತಿನಿಂದ ತಂದುಕೊಟ್ಟ ಮೆಷಿನ್ನಿನಲ್ಲಿ ಒಂದೇ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕುಗಳನ್ನು ಬೇರೆ ಬೇರೆಯಾಗಿ ಹಿಡಿಯಬಹುದಿತ್ತು. ಒಂದರಲ್ಲಿ ಡ್ರಮ್ಮು, ಎರಡರಲ್ಲಿ ಗಿಟಾರು, ಮೂರರಲ್ಲಿ ಬೇಸು, ನಾಲ್ಕು ಖಾಲಿ. ಒಬ್ಬೊಬ್ಬರೇ ಕೂತು, ಹಿಂದಿನವರು ಬಾರಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಬಾರಿಸಬೇಕು. ತಪ್ಪಾದರೆ ಆ ಟ್ರ್ಯಾಕಿನ ಗುಂಡಿಯನ್ನು ಮತ್ತೆ ಒತ್ತಿ, ಹಳೆಯದರ ಮೇಲೆಯೇ ಹೊಸದನ್ನು ಹಿಡಿಯುವುದು. ಹಳೆಯದು ಹೋದ ಹಾಗೆಯೇ.

ಬೆಳಿಗ್ಗೆ ಹತ್ತಕ್ಕೆ ಹಾಲಮ್ಮ ಬಂದಳು. ಹೆಗಲಿಗೆ ಬೇಸು, ಕೈಯಲ್ಲಿ ನಾಲ್ಕು ಜನರ ಊಟದ ಕ್ಯಾರಿಯರ್ರು. ಡ್ರಮ್ಮೂ ಗಿಟಾರೂ ಹಿಂದಿನ ದಿನವೇ ಆಗಿದ್ದವು. ಅವಳು ಹೆಡ್‌ಫೋನ್ ಸಿಕ್ಕಿಸಿಕೊಂಡು ಬಾರಿಸಿದಳು. ಶ್ಯಾಮ ಎಲ್ಲವನ್ನೂ ಕೂಡಿಸಿ ಸ್ಪೀಕರಿಗೆ ಹಾಕಿದ. ಕೆಸರಿನಲ್ಲಿ ಎಮ್ಮೆ ಹೊರಳಿದ ಹಾಗೆ ಕೇಳಿತು. ಯಾವುದು ಗಿಟಾರು, ಯಾವುದು ಬೇಸು, ಒಂದೂ ತಿಳಿಯಲಿಲ್ಲ.

"ಜಯಪ್ಪಣ್ಣನ ಗಿಟಾರು ಬೇಸಿನ ಮನೆಗೇ ಬಂದು ಕೂತೈತೆ," ಎಂದ ಶ್ಯಾಮ. "ಇಬ್ರಿಗೂ ಒಂದೇ ಚಾಪೆ."

"ಹಂಗಾದ್ರೆ ಬೇಸ್ ಸಣ್ಣ ಮಾಡು," ಎಂದ ಜಯಪ್ಪ.

ಸಣ್ಣ ಮಾಡಿದರೆ ಕೆಸರು ತುಸು ತೆಳುವಾಯಿತು, ಅಷ್ಟೇ. ಹಾಲಮ್ಮ ತನ್ನ ದಪ್ಪ ತಂತಿಯನ್ನು ಇನ್ನೂ ಇಳಿಸಿ ಗಿಟಾರಿನ ಕೆಳಗೆ ನುಸುಳಲು ನೋಡಿದಳು. ತಂತಿ ಬಟ್ಟೆ ಒಣಹಾಕುವ ಹಗ್ಗದಷ್ಟು ಜೋಲಾಯಿತು, ಪಟಪಟ ಬಡಿಯಿತು. ಮೇಲಕ್ಕೆ ಹೋಗಿ ಬಾರಿಸಿದಳು. ಆಗ ಬುಡವೇ ಇಲ್ಲವಾಯಿತು. ಐದು ಸಲ ಹಿಡಿದರು, ಐದು ಸಲ ಒರೆಸಿದರು. ಜಯಪ್ಪ ಗಡಿಯಾರ ನೋಡಿದ. "ನಿನ್ ಕೈಲಿ ಆಗಲ್ಲ ಅಂದ್ರೆ ಹೇಳ್ಬಿಡು, ಬೇಸ್ ಇಲ್ದೇನೇ ಮಾಡಣ. ಬೇಸ್ ಯಾರಿಗ್ ಕೇಳ್ತದೆ?" ಎಂದು ಭೂತಪ್ಪನನ್ನು ಕರೆದುಕೊಂಡು ಚಾ ಕುಡಿಯಲು ಹೋದ.

ಹಾಲಮ್ಮ ಬೇಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ತವರಿನಲ್ಲಿ ಅವ್ವನ ಜೊತೆ ಒಂದೇ ಒರಳಿಗೆ ಎರಡು ಒನಕೆ ಹಾಕಿ ಭತ್ತ ಕುಟ್ಟಿದವಳು ಅವಳು. ಇಬ್ಬರೂ ಒಟ್ಟಿಗೆ ಹಾಕಿದರೆ ಒನಕೆಗೆ ಒನಕೆ ಬಡಿದು ಕೈ ಜುಮ್ಮೆನ್ನುತ್ತದೆ, ಅಕ್ಕಿ ಹೊರಗೆ ಹಾರುತ್ತದೆ. ಒಬ್ಬಳು ಎತ್ತಿದಾಗಲೇ ಇನ್ನೊಬ್ಬಳು ಇಳಿಸಬೇಕು.

"ಶ್ಯಾಮಾ, ಇವ್ರ ಗಿಟಾರಿಂದ ಅಡಿಯ ದಪ್ಪ ದನೀನ ಒಂಚೂರು ತೆಗಿಲಿಕ್ಕಾಗ್ತದಾ? ಸದ್ದು ಸಣ್ಣ ಮಾಡದಲ್ಲ. ಬರೀ ಅಡಿದು."

"ಆಗ್ತದೆ ಅಕ್ಕ, ಗುಂಡಿ ಐತೆ. ಆದ್ರೆ ಜಯಪ್ಪಣ್ಣ ನನ್ನ ಚರ್ಮ ಸುಲೀತಾನೆ."

"ಬರೋದ್ರೊಳಗೆ ನೋಡಣ."

ಕ್ಯಾರಿಯರ್ ಹಿಡಿದು ತಂದಿದ್ದ ಮಸಿಬಟ್ಟೆಯನ್ನು ಮಡಿಸಿ, ಬೇಸಿನ ತಂತಿಗಳು ಬುಡ ಸೇರುವಲ್ಲಿ ಅವುಗಳ ಅಡಿಗೆ ತುರುಕಿದಳು. ಈಗ ಜೋಲು ತಂತಿ ಬಡಿಯಲಿಲ್ಲ. ಮೀಟಿದ ಕೂಡಲೇ ಹುಟ್ಟಿ ಕೂಡಲೇ ಅಡಗುವ ಗಟ್ಟಿ ಸ್ವರ. ಬುಡದ ಹತ್ತಿರವೇ, ಉಗುರು ತಾಗಿಸಿ, ಜೋರಾಗಿ ಮೀಟಿದಳು. ಗಿಟಾರು ಉದ್ದಕ್ಕೆ ಎಳೆಯುವಲ್ಲಿ ತಾನು ಗಿಡ್ಡ, ಅದು ಉಸಿರು ತೆಗೆದುಕೊಳ್ಳುವಲ್ಲಿ ತಾನು ತುಂಬಿ. ನಾಲ್ಕು ನಿಮಿಷ, ಒಂದೇ ಸಲಕ್ಕೆ.

ಶ್ಯಾಮ ಗಿಟಾರಿನ ಅಡಿಯ ಗುಂಡಿಯನ್ನು ಅರ್ಧಕ್ಕೆ ತಿರುಗಿಸಿ, ಎಲ್ಲವನ್ನೂ ಕೂಡಿಸಿ ಹಾಕಿದ. ಕೌದಿಯ ಗೋಡೆ ಅದುರಿತು. ಎರಡು ವಾದ್ಯವಿದೆಯೆಂದು ಹೇಳಲು ಬಾರದ ಹಾಗೆ, ಒಂದೇ ದೊಡ್ಡ ಪ್ರಾಣಿ ನಡೆದು ಬಂದ ಹಾಗಿತ್ತು. "ಅಬ್ಬಾ ಅಕ್ಕ!" ಎಂದ ಅವನು. ಹಾಲಮ್ಮನಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಹಿಡಿದುಕೊಂಡಳು.

ಜಯಪ್ಪ ಬಾಗಿಲಲ್ಲೇ ನಿಂತು ಕೇಳಿದ. ಮುಖ ಅರಳಿತು. "ನೋಡಿದ್ಯಾ ಭೂತಪ್ಪ? ಇದು ನನ್ನ ಗಿಟಾರು! ಇದನ್ನೇ ನಾನು ಹೇಳ್ತಿದ್ದಿದ್ದು!"

"ಅಣ್ಣ, ಅದು ಗಿಟಾರಲ್ಲ," ಎಂದ ಶ್ಯಾಮ. ಮೂರನೇ ಟ್ರ್ಯಾಕನ್ನು ಮುಚ್ಚಿದ. ಸ್ಪೀಕರಿನಲ್ಲಿ ಉಳಿದದ್ದು ಡಬ್ಬದೊಳಗೆ ಸಿಕ್ಕಿಬಿದ್ದ ದುಂಬಿ. ತೆರೆದ, ಮತ್ತೆ ಆ ಪ್ರಾಣಿ ಬಂತು. ಭೂತಪ್ಪ ಹಾಲಮ್ಮನ ಕಡೆ ನೋಡಿದ. ಆಮೇಲೆ ಜಯಪ್ಪನ ಮುಖ ನೋಡಿ ಬೀಡಿ ಹುಡುಕಿದ.

"ಇರ್ಲಿ, ಇರ್ಲಿ. ಹಂಗೇ ಇಡು," ಎಂದ ಜಯಪ್ಪ. "ಊಟ ಹಾಕು ಮಾರಾಯ್ತಿ, ಹೊಟ್ಟೆ ಚುರ್ ಅಂತದೆ."

ಊಟ ಬಡಿಸಿದಳು. ಉಣ್ಣುತ್ತಲೇ ಜಯಪ್ಪ ಎಡಗೈಯಲ್ಲಿ ಕ್ಯಾಸೆಟ್ಟಿನ ಡಬ್ಬಿಯೊಳಗೆ ಹಾಕುವ ಕಾಗದಕ್ಕೆ ಹೆಸರುಗಳನ್ನು ಓರೆ ಓರೆಯಾಗಿ ಬರೆದ, ಪ್ರೆಸ್ಸಿಗೆ ಕೊಡಬೇಕಿತ್ತು. ಗಿಟಾರ್ ಮತ್ತು ಸಂಗೀತ: ಜಯಪ್ಪ. ಡ್ರಮ್ಸ್: ಭೂತಪ್ಪ. ಬೇಸ್ ಗಿಟಾರ್: ಧರ್ಮಪ್ಪ.

ಸಾರಿನ ಸೌಟು ಹಿಡಿದೇ ಹಾಲಮ್ಮ ಓದಿದಳು. "ಇದ್ಯಾಕೆ ಹಿಂಗೆ ಬರ್ದ್ರಿ? ಬಾರ್ಸಿದ್ದು ನಾನಲ್ಲನಾ?"

"ಹೌದು ಮಾರಾಯ್ತಿ, ಇಲ್ಲ ಅಂದೋರ್ಯಾರು? ನಿನ್ ಹೆಸ್ರು ಹಾಕಿದ್ರೆ ಕಮಿಟಿಯೋರು ಸ್ಟೇಜಿಗೆ ಕರ್ಕಂಬನ್ನಿ ಅಂತಾರೆ. ಆವಾಗ ಎಂತ ಮಾಡದು? ಅವ್ವನ್ನ ಯಾರು ನೋಡ್ಕಳ್ತಾರೆ? ಮಗೀನ ಯಾರು?"

"ಸ್ಟೇಜಿಗೆ ನಾ ಬರಲ್ಲ. ಹೆಸ್ರು ಇರ್ಲಿ."

"ಅವ್ನದು ವಾದ್ಯ. ಅವ್ನ ಹೆಸ್ರಿರ್ಲಿ, ಬೇಜಾರ್ ಮಾಡ್ಕಂಬಾರ್ದು. ಮನೆಯೋರೇ ಮನೆಯೋರ ಕೈಲಿ ಲೆಕ್ಕ ಕೇಳ್ತಾರನಾ?"

"ಹಂಗಾದ್ರೆ ಹೆಸ್ರೇ ಬರೀಬೇಡಿ ಅಲ್ಲಿ. ಖಾಲಿ ಬಿಡಿ."

"ಖಾಲಿ ಬಿಟ್ರೆ ತಂಡ ಅರ್ಧ ಅಂತಾರೆ," ಎಂದು ಜಯಪ್ಪ ನಕ್ಕ. ಕೆಟ್ಟ ನಗುವಲ್ಲ ಅದು. ಅದೇ ಕಷ್ಟ. ಅವನು ಕುಡಿದು ಹೊಡೆಯುವವನಲ್ಲ, ಹಬ್ಬಕ್ಕೆ ಸೀರೆ ತರುವವನು. ಅವನ ಮೇಲೆ ಕೂಗಾಡಿದರೆ ಇಡೀ ಬೀದಿ ಅವಳಿಗೇ ಬುದ್ಧಿ ಹೇಳುತ್ತದೆ. "ಇನ್ನೊಂಚೂರು ಅನ್ನ ಹಾಕು" ಎಂದು ತಟ್ಟೆ ಮುಂದೆ ಸರಿಸಿದ. ಅವಳು ಹಾಕಿದಳು. ಹಾಕುತ್ತಿರುವ ಕೈ ತನ್ನದೇ ಎಂದು ನೋಡಿದಳು, ನಿಲ್ಲಿಸಲು ಆಗಲಿಲ್ಲ.

ಜಯಪ್ಪ, ಭೂತಪ್ಪ ಪ್ರೆಸ್ಸಿಗೆ ಹೋದರು. ಸಂಜೆ ಬಂದು ಮೂರೂ ಟ್ರ್ಯಾಕನ್ನು ಬೇರೆ ಕ್ಯಾಸೆಟ್ಟಿಗೆ ಒಂದಾಗಿ ಇಳಿಸಿಕೊಳ್ಳುವುದೆಂದು ಮಾತಾಗಿತ್ತು. ಆಮೇಲೆ ಬೇರೆ ಬೇರೆಯಾಗಿ ಏನನ್ನೂ ಮುಟ್ಟಲು ಬರುವುದಿಲ್ಲ. ಶ್ಯಾಮ ಅಂಗಡಿಯ ಮುಂಬಾಗಿಲು ಎಳೆದುಕೊಂಡು ಮಧ್ಯಾಹ್ನದ ನಿದ್ದೆಗೆ ಮನೆಗೆ ಹೊರಟ. ಹೊಸ್ತಿಲಲ್ಲಿ ನಿಂತು, "ಅಕ್ಕ, ನಾನಾದ್ರೂ ಹೇಳ್ಲಾ ಜಯಪ್ಪಣ್ಣಂಗೆ?" ಎಂದ.

"ಬೇಡ. ಆಮೇಲೆ ನಿನ್ನ ಹತ್ರ ಬರದೂ ಬಿಡ್ತಾರೆ."

ಅವನು ಹೋದ. ಹಾಲಮ್ಮ ಹಿಂದಿನ ನಲ್ಲಿಯಲ್ಲಿ ಕ್ಯಾರಿಯರ್ರು, ತಟ್ಟೆ, ಲೋಟ ತೊಳೆದಳು. ಒರೆಸಿ ಜೋಡಿಸಿದಳು. ಮೂರೂವರೆಗೆ ಮಗಳು ಶಾಲೆಯಿಂದ ಬರುತ್ತಾಳೆ. ಅಲ್ಲಿಯವರೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಮೆಷಿನ್ನಿನ ಮುಂದೆ ಕೂತು ಒಂದು ಸಲ ಪೂರ್ತಿ ಕೇಳಿದಳು. ಚೆನ್ನಾಗಿತ್ತು.

ಇದು ಇದ್ದ ಹಾಗೇ ಹೋದರೆ ಕೋಣಂದೂರಿನಲ್ಲಿ ಜನ ಜಯಪ್ಪನ ಗಿಟಾರು ಎಂಥ ಭಾರದ್ದು ಎನ್ನುತ್ತಾರೆ. ಇನ್ನೂ ತಿಳಿದವರು ಇದ್ದರೆ ಧರ್ಮಪ್ಪನ ಬೆರಳು ಎಷ್ಟು ಗಟ್ಟಿ ಎನ್ನುತ್ತಾರೆ. ಅವ್ವನಿಗೆ ಇದು ನಾನು ಎಂದರೆ, ಅಣ್ಣ ಡಬ್ಬಿಯ ಕಾಗದ ಓದಿ ತೋರಿಸುತ್ತಾನೆ. ಅವ್ವ ಅಚ್ಚಿನ ಅಕ್ಷರವನ್ನೇ ನಂಬುವವಳು. ಬಾರಿಸಿದ್ದನ್ನು ಅಳಿಸಿಬಿಟ್ಟರೆ ತಾನು ಎಲ್ಲಿಯೂ ಇರುವುದಿಲ್ಲ. ಇಟ್ಟರೂ ಇರುವುದಿಲ್ಲ. ಎರಡರಲ್ಲಿ ಯಾವುದು ಕಡಿಮೆ ನೋವು ಎಂದು ತೂಗಿ ನೋಡಲು ಹೋದಳು, ತಕ್ಕಡಿಯೇ ಸಿಗಲಿಲ್ಲ. ಅನ್ನ ಬಡಿಸುವುದಿಲ್ಲ ಎನ್ನಲು ಅವಳಿಂದ ಆಗಿರಲಿಲ್ಲ, ನಾಳೆಯೂ ಆಗುವುದಿಲ್ಲ. ನೀರು ಹೊರುವುದಿಲ್ಲ ಎಂದರೆ ಮುದುಕಿಗೂ ಮಗುವಿಗೂ ಬಾಯಾರುತ್ತದೆ. ಈ ನಾಲ್ಕು ನಿಮಿಷ ಮಾತ್ರ ಇಲ್ಲದಿದ್ದರೆ ಯಾರೂ ಉಪವಾಸ ಬೀಳುವುದಿಲ್ಲ.

ಯಾರ ಹೆಸರಿದೆಯೋ ಅವನೇ ಬಂದು ಬಾರಿಸಲಿ.

ಕ್ಯಾಸೆಟ್ಟನ್ನು ಟ್ಯೂನಿನ ಮೊದಲಿಗೆ ಸುತ್ತಿದಳು. ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೇಸಿನ ವಯರನ್ನು ಮೂರನೇ ತೂತಿಗೆ ಚುಚ್ಚಿ, ವಾದ್ಯವನ್ನು ತೊಡೆಯ ಮೇಲೆ ಎತ್ತಿಕೊಂಡಳು. ಹಳೆಯದರ ಮೇಲೆ ಹಿಡಿಯುವ ಮೂರನೇ ಟ್ರ್ಯಾಕಿನ ಗುಂಡಿ ಒತ್ತಿದಳು, ಕೆಂಪು ದೀಪ ಹತ್ತಿತು. ಭೂತಪ್ಪನ ಕೋಲು ನಾಲ್ಕು ಸಲ ಕುಟ್ಟಿತು. ಗಿಟಾರು ಗೊರಗೊರ ಎಂದು ಒಳಗೆ ಬಂತು, ತನಗೆ ಬುಡ ಸಿಗುವ ಜಾಗಕ್ಕೆ ನಡೆಯಿತು. ಹಾಲಮ್ಮ ನಾಲ್ಕೂ ತಂತಿಗಳ ಮೇಲೆ ಅಂಗೈ ಅಗಲಿಸಿ, ಒಂದೂ ಮಿಸುಕದ ಹಾಗೆ ಒತ್ತಿ ಹಿಡಿದು ಕೂತಳು.